ಧ್ರುವ ಸಮುದ್ರದ ಕ್ಲೋರೋಫಿಲ್ ನಕ್ಷೆ ತಪ್ಪಿದಾಗ: ದೋಷ ಹುಡುಕುವ ಕೈಪಿಡಿ

ಧ್ರುವ ಸಮುದ್ರಗಳಲ್ಲಿ ಸಸ್ಯಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳ, ಅಧ್ಯಯನಕ್ಕೆ ಹೊರಟ ಹಡಗು ಎಲ್ಲಿ ನಿಂತು ನೀರಿನ ಮಾದರಿ ತೆಗೆಯಬೇಕೆಂಬುದನ್ನು ಇಂದು ಬಹುಮಟ್ಟಿಗೆ ನೀರಿನ ಬಣ್ಣ ಅಳೆಯುವ ಉಪಗ್ರಹದ ಸಾಗರ ವರ್ಣ ಚಿತ್ರಗಳನ್ನು ನೋಡಿಯೇ ನಿರ್ಧರಿಸಲಾಗುತ್ತದೆ. ದಡದಲ್ಲಿ ಕುಳಿತವರು ಆ ಬಣ್ಣದಿಂದ ಪ್ಲವಕಗಳ ಹಸಿರು ವರ್ಣಕವಾದ ಕ್ಲೋರೋಫಿಲ್‌ನ ನಕ್ಷೆ ಸಿದ್ಧಪಡಿಸಿ ಕಳಿಸುತ್ತಾರೆ. ಹಸಿರು ಕಂಡ ಕಡೆಗೆ ಹಡಗು ತಿರುಗುತ್ತದೆ. ಅಲ್ಲಿ ಹೋಗಿ ನೋಡಿದಾಗ ನೀರು ಬರಿದಾಗಿದ್ದರೆ, ಅಥವಾ ನಕ್ಷೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ಹಡಗು ದಟ್ಟವಾದ ಬ್ಲೂಮ್ (ಪ್ಲವಕಗಳ ಹುಲುಸಾದ ಬೆಳವಣಿಗೆ) ಕಂಡರೆ, ದೋಷ ಎಲ್ಲಿದೆ ಎಂದು ಹುಡುಕುವ ಹೊಣೆ ನಕ್ಷೆ ಮಾಡಿದವರ ಮೇಲೆ ಬೀಳುತ್ತದೆ. ಧ್ರುವದ ಬೇಸಿಗೆ ಕೆಲವೇ ತಿಂಗಳದ್ದು, ಹಡಗಿನ ಪ್ರತಿ ದಿನವೂ ದುಬಾರಿ. ಆದ್ದರಿಂದ ಹುಡುಕಾಟಕ್ಕೆ ಒಂದು ಕ್ರಮ ಬೇಕು.

ಬೆಳಗಾವಿಯಿಂದ ಚೋರ್ಲಾ ಘಟ್ಟ ಇಳಿದು ಗೋವಾಕ್ಕೆ ಹೋದರೆ ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕಾದ ಮೈತ್ರಿ ಮತ್ತು ಭಾರತಿ, ಆರ್ಕ್ಟಿಕ್‌ನ ಹಿಮಾದ್ರಿ ನೆಲೆಗಳನ್ನು ನಡೆಸುವ ಸಂಸ್ಥೆ ಅದು. ಉಪಗ್ರಹಗಳ ದತ್ತಾಂಶವೂ, ಅದನ್ನು ಸಂಸ್ಕರಿಸುವ ಸೀಡ್ಯಾಸ್, ಸ್ನ್ಯಾಪ್‌ನಂತಹ ತಂತ್ರಾಂಶಗಳೂ ಉಚಿತವಾಗಿ ಸಿಗುವುದರಿಂದ, ಬೆಳಗಾವಿ, ಬಾಗಲಕೋಟೆ ಅಥವಾ ವಿಜಯಪುರದ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಇದ್ದರೂ ಭಾರತಿ ನೆಲೆಯ ಹತ್ತಿರದ ಪ್ರಿಡ್ಜ್ ಕೊಲ್ಲಿಯ ನಕ್ಷೆ ಮಾಡಬಹುದು. ಸಮುದ್ರವಿಲ್ಲದ ಈ ಜಿಲ್ಲೆಗಳ ವಿದ್ಯಾರ್ಥಿಗಳು ಇಂತಹ ಯೋಜನೆಗಳನ್ನು ಕೈಗೆತ್ತಿಕೊಳ್ಳುವುದು ನನಗೆ ತುಂಬ ಸಂತೋಷದ ವಿಷಯ. ಆದರೆ ಸಮುದ್ರದ ಒಡನಾಟವಿಲ್ಲದವರಿಗೆ ಪರದೆಯ ಮೇಲಿನ ನಕ್ಷೆಯೇ ಸಮುದ್ರವಾಗಿಬಿಡುವ ಅಪಾಯ ಹೆಚ್ಚು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಕ್ರಮ ಇಷ್ಟೇ: ನಮ್ಮ ಕೈಗೆ ಹತ್ತಿರವಾದ ತುದಿಯಿಂದ ಆರಂಭಿಸಿ ಸಮುದ್ರದ ಕಡೆಗೆ ಸಾಗಬೇಕು. ಮೊದಲು ಫೈಲು, ಆಮೇಲೆ ಮೋಡ ಮತ್ತು ಹಿಮದ ಮಾಸ್ಕ್ (ಅವು ಮುಚ್ಚಿದ ಪಿಕ್ಸೆಲ್‌ಗಳನ್ನು ಕೈಬಿಡುವುದು), ನಂತರ ಹಿಮದ ಬೆಳಕು, ವಾತಾವರಣ ತಿದ್ದುಪಡಿ (ಗಾಳಿಯಿಂದ ಬಂದ ಬೆಳಕನ್ನು ಕಳೆಯುವುದು), ಕ್ಲೋರೋಫಿಲ್ ಸೂತ್ರ, ಕಟ್ಟಕಡೆಗೆ ನೀರು ಮತ್ತು ಹಡಗಿನ ಅಳತೆ. ಹಿಂದಿನ ಹಂತದ ತಪ್ಪು ಮುಂದಿನ ಹಂತದ ವೇಷ ಹಾಕಿಕೊಂಡು ಬರುತ್ತದೆ. ಫೈಲು ಓದುವಾಗ ಆದ ತಪ್ಪನ್ನು ದಕ್ಷಿಣ ಸಾಗರದ ವೈಶಿಷ್ಟ್ಯವೆಂದು ವಿವರಿಸಿದ ಪ್ರಬಂಧಗಳನ್ನು ಮೌಲ್ಯಮಾಪನದಲ್ಲಿ ಕಂಡಾಗ ಈ ಕ್ರಮದ ಬೆಲೆ ತಿಳಿಯುತ್ತದೆ.

ಮೊದಲು ಫೈಲನ್ನು ಶಂಕಿಸಿ

2002ರಲ್ಲಿ ಹಾರಿದ ಅಕ್ವಾ ಉಪಗ್ರಹದ ಮೋಡಿಸ್ ಸಂವೇದಕದ ಫೈಲುಗಳಲ್ಲಿ ನೀರಿನ ಪ್ರತಿಫಲನದ (ನೀರಿನಿಂದ ಮರಳುವ ಬೆಳಕಿನ) ಬೆಲೆಗಳನ್ನು ಪೂರ್ಣಾಂಕಗಳಾಗಿ ಇಟ್ಟಿರುತ್ತಾರೆ. ಆ ಪೂರ್ಣಾಂಕವನ್ನು 0.000002ರಿಂದ ಗುಣಿಸಿ 0.05 ಕೂಡಿಸಿದಾಗ ನಿಜವಾದ ಬೆಲೆ ಬರುತ್ತದೆ. ದತ್ತಾಂಶವೇ ಇಲ್ಲದ ಪಿಕ್ಸೆಲ್‌ಗೆ -32767 ಎಂಬ ಗುರುತು ಸಂಖ್ಯೆ ಇರುತ್ತದೆ. ಬರೆದ ಪ್ರೋಗ್ರಾಂ ಈ ಗುರುತನ್ನು ಮೊದಲು ತೆಗೆಯದೆ ಎಲ್ಲಕ್ಕೂ ಗುಣಾಕಾರ ಮಾಡಿದರೆ, ಖಾಲಿ ಪಿಕ್ಸೆಲ್‌ಗಳೆಲ್ಲ -0.015534 ಆಗಿ ಬದಲಾಗುತ್ತವೆ. ನೋಡಲು ಇದು ನಂಬಬಹುದಾದ ಸಣ್ಣ ಋಣ ಸಂಖ್ಯೆ. ವಾತಾವರಣ ತಿದ್ದುಪಡಿ ಸ್ವಲ್ಪ ಹೆಚ್ಚಾಗಿರಬೇಕು ಎಂದು ಯಾರಾದರೂ ಸುಲಭವಾಗಿ ಅರ್ಥೈಸಿಬಿಡಬಹುದು. ಆದ್ದರಿಂದ ಯಾವುದೇ ಪಟ್ಟಿಯ (ಸಂವೇದಕ ಅಳೆಯುವ ಒಂದೊಂದು ತರಂಗಾಂತರದ) ಕನಿಷ್ಠ ಬೆಲೆಯನ್ನು ಮೊದಲು ಮುದ್ರಿಸಿ ನೋಡಿ. ಅಲ್ಲಿ -0.015534 ಕಂಡರೆ, ಅಥವಾ ಒಂದೇ ಸಂಖ್ಯೆ ಸಾವಿರಾರು ಸಲ ಮರುಕಳಿಸಿದರೆ, ಸಮುದ್ರದ ಬಗ್ಗೆ ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸಿ ಪ್ರೋಗ್ರಾಂ ಸರಿಪಡಿಸಿ.

ನಕ್ಷೆಯ ಎಡದಿಂದ ಬಲಕ್ಕೆ ಅಡ್ಡಡ್ಡ ಗೆರೆಗಳು ಎಳೆದುಕೊಂಡಿದ್ದರೆ ಚಿತ್ರ 180 ಡಿಗ್ರಿ ರೇಖಾಂಶವನ್ನು ದಾಟಿದೆ ಎಂದರ್ಥ. ಅಂಟಾರ್ಕ್ಟಿಕಾದ ರಾಸ್ ಸಮುದ್ರವೂ ಆರ್ಕ್ಟಿಕ್‌ನ ಚುಕ್ಚಿ ಸಮುದ್ರವೂ ಈ ರೇಖೆಯ ಮೇಲೆಯೇ ಇರುವುದರಿಂದ, ಅರಬ್ಬೀ ಸಮುದ್ರಕ್ಕೆ ಸರಿಯಾಗಿ ನಡೆದ ಪ್ರೋಗ್ರಾಂ ಅಲ್ಲಿ ಕೆಡುತ್ತದೆ. ಧ್ರುವ ಕೇಂದ್ರಿತ ಪ್ರಕ್ಷೇಪಕ್ಕೆ ಬದಲಾಯಿಸಿದರೆ ಗೆರೆಗಳು ಹೋಗುತ್ತವೆ. ಅದೇ ರೇಖೆಯ ಬಳಿ ದಿನಾಂಕದ ತೊಡಕೂ ಇದೆ: ಫೈಲಿನ ಹೆಸರಿನಲ್ಲಿರುವ ಸಮಯ ಜಾಗತಿಕ ಸಮಯ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ, 180 ಡಿಗ್ರಿಯಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಜಾಗತಿಕ ಸಮಯದಲ್ಲಿ ಮಧ್ಯರಾತ್ರಿ ದಾಟಿ ತಾರೀಖು ಬದಲಾಗುತ್ತದೆ. ಹೀಗಾಗಿ ಅಲ್ಲಿನ ಒಂದೇ ಹಗಲಿನ ಚಿತ್ರಗಳು ಎರಡು ತಾರೀಖಿನ ಫೈಲುಗಳಲ್ಲಿ ಹಂಚಿಹೋಗಿರುತ್ತವೆ. ಹಡಗಿನ ದಿನಚರಿಯಲ್ಲಿ ಯಾವ ಸಮಯ ಬರೆದಿದ್ದಾರೆಂದು ಕೇಳಿ ತಿಳಿಯದೆ ಹೋಲಿಕೆಗೆ ಇಳಿಯಬಾರದು.

ಸರಾಸರಿ ತೆಗೆದಾಗ ಅಂಕಿ ಅನುಮಾನ ಹುಟ್ಟಿಸಿದರೆ ಎರಡು ಕಡೆ ನೋಡಿ. ಅಕ್ಷಾಂಶ-ರೇಖಾಂಶದ ಚೌಕಗಳಲ್ಲಿ ಹಾಸಿದ ಮೂರನೇ ಹಂತದ ನಕ್ಷೆಯಲ್ಲಿ 78 ಡಿಗ್ರಿ ಅಕ್ಷಾಂಶದ ಒಂದು ಚೌಕದ ವಿಸ್ತೀರ್ಣ ಸಮಭಾಜಕದ ಚೌಕದ ಐದನೆಯ ಒಂದು ಭಾಗದಷ್ಟೇ. ಅಕ್ಷಾಂಶದ ಕೊಸೈನ್‌ನಿಂದ ತೂಕ ಕೊಡದೆ ಸರಾಸರಿ ತೆಗೆದರೆ ಧ್ರುವಕ್ಕೆ ಹತ್ತಿರದ ಕಿರಿದಾದ ನೀರಿಗೆ ಇಲ್ಲದ ಮಹತ್ವ ಬರುತ್ತದೆ. ಇನ್ನೊಂದು, ಕ್ಲೋರೋಫಿಲ್ ಪ್ರಮಾಣ ಹತ್ತು ಪಟ್ಟು, ನೂರು ಪಟ್ಟು ಏರಿಳಿಯುವಂಥದ್ದು. ಅದರ ಲಾಗರಿದಮ್ ತೆಗೆದು ಸರಾಸರಿ ಮಾಡುವುದೇ ರೂಢಿ. ಹಲವು ವರ್ಷಗಳ ಸಾಲಿನಲ್ಲಿ ಒಂದು ವರ್ಷದಿಂದ ಏಕಾಏಕಿ ಮೆಟ್ಟಿಲಿನಂತೆ ಏರಿಕೆ ಕಂಡರೆ, ಸಮುದ್ರ ಬದಲಾಗುವ ಮೊದಲು ಸಂಸ್ಕರಣೆಯ ಆವೃತ್ತಿ ಬದಲಾಗಿದೆಯೇ ಎಂದು ಫೈಲಿನ ಶೀರ್ಷಿಕೆಯಲ್ಲಿ ಓದಿ. ಹಳೆಯ ಮತ್ತು ಹೊಸ ಆವೃತ್ತಿಯ ಫೈಲುಗಳನ್ನು ಬೆರೆಸಿ ಮಾಡಿದ ಏರಿಕೆಗೆ ಯಾವ ಅರ್ಥವೂ ಇಲ್ಲ.

ಬಿಳಿ ಜಾಗ ಏಕೆ ಬಿಳಿಯಾಗಿದೆ

ನಕ್ಷೆಯ ಮುಕ್ಕಾಲು ಭಾಗ ಖಾಲಿ ಎಂಬುದು ಧ್ರುವದ ಚಿತ್ರಗಳ ಬಗ್ಗೆ ಎಲ್ಲರ ಮೊದಲ ದೂರು. ಖಾಲಿ ಇರುವುದು ದೋಷವಲ್ಲ. ಏಕೆ ಖಾಲಿ ಎಂದು ತಿಳಿಯದಿರುವುದು ದೋಷ. ಪ್ರತಿ ಪಿಕ್ಸೆಲ್‌ನ ಜೊತೆಗೆ ಬರುವ ಫ್ಲ್ಯಾಗ್ ಸಂಖ್ಯೆಯಲ್ಲಿ ಕಾರಣ ಬರೆದಿರುತ್ತದೆ. ಅದನ್ನು ಬಿಡಿಸಿ, ಖಾಲಿ ಜಾಗವನ್ನು ಕಾರಣಕ್ಕೆ ತಕ್ಕ ಬಣ್ಣದಲ್ಲಿ ತುಂಬಿ ಇನ್ನೊಂದು ನಕ್ಷೆ ಮಾಡಿ. ಅರ್ಧ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಸೂರ್ಯ ತೀರ ಕೆಳಗಿರುವುದು ಒಂದು ಕಾರಣ. ನೆತ್ತಿಯಿಂದ ಸೂರ್ಯನಿರುವ ಕೋನ 70 ಡಿಗ್ರಿ ದಾಟಿದರೆ ಸಾಮಾನ್ಯ ಸಂಸ್ಕರಣೆಯಲ್ಲಿ ಆ ಪಿಕ್ಸೆಲ್‌ಗೆ ಫ್ಲ್ಯಾಗ್ ಬೀಳುತ್ತದೆ, ಏಕೆಂದರೆ ಆ ಕೋನದಲ್ಲಿ ಬೆಳಕು ಗಾಳಿಯೊಳಗೆ ಸಾಗುವ ದಾರಿ ನೇರ ಬಿಸಿಲಿನ ದಾರಿಯ ಸುಮಾರು ಮೂರು ಪಟ್ಟು. ಬೆಳಗಾವಿಯಲ್ಲಿ ಡಿಸೆಂಬರ್ ಕೊನೆಯಲ್ಲಿಯೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 39 ಡಿಗ್ರಿಯಷ್ಟೇ ಬಾಗಿರುತ್ತಾನೆ. ಹಾಗಾಗಿ ಈ ತೊಂದರೆ ನಮ್ಮ ಅನುಭವಕ್ಕೆ ಬರುವಂಥದ್ದಲ್ಲ. ಹಿಮಾದ್ರಿ ಇರುವ ಸುಮಾರು 79 ಡಿಗ್ರಿ ಉತ್ತರದಲ್ಲಿ ಏಪ್ರಿಲ್ ಎರಡನೆಯ ವಾರದವರೆಗೂ, ಮತ್ತೆ ಆಗಸ್ಟ್ ಕೊನೆಯಿಂದಾಚೆಗೂ, ನಡುಮಧ್ಯಾಹ್ನದಲ್ಲೇ ಈ ಮಿತಿ ಮೀರುತ್ತದೆ. ಭಾರತಿ ಇರುವ ಅಕ್ಷಾಂಶದಲ್ಲಿ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವದವರೆಗೆ ಅದೇ ಸ್ಥಿತಿ. ಬೇಸಿಗೆಯಲ್ಲೂ ಹಗಲು ಇಪ್ಪತ್ನಾಲ್ಕು ಗಂಟೆ ಇದ್ದ ಮಾತ್ರಕ್ಕೆ ಉಪಗ್ರಹದ ಎಲ್ಲ ಹಾಯುವಿಕೆಗಳೂ ಉಪಯುಕ್ತವಲ್ಲ. ರಾತ್ರಿ ವೇಳೆಯ ಸೂರ್ಯ ದಿಗಂತದ ಹತ್ತಿರವೇ ಇರುತ್ತಾನೆ.

ಮೋಡ ಮತ್ತು ಹಿಮ ಎರಡಕ್ಕೂ ಒಂದೇ ಫ್ಲ್ಯಾಗ್ ಇರುವುದು ದೊಡ್ಡ ತೊಡಕು. ಎರಡೂ ಬಿಳಿ, ಎರಡೂ ಸಮೀಪ ಅವಗೆಂಪಿನಲ್ಲಿ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕಿನಲ್ಲಿ) ಹೊಳೆಯುತ್ತವೆ. ಹಡಗಿಗೆ ಮಾತ್ರ ವ್ಯತ್ಯಾಸ ಪ್ರಾಣದಷ್ಟು ಮುಖ್ಯ: ಮೋಡದ ಕೆಳಗೆ ಸಾಗಬಹುದು, ಹಿಮದೊಳಗೆ ನುಗ್ಗಲಾಗದು. ಬೇರ್ಪಡಿಸಲು 2130 ನ್ಯಾನೋಮೀಟರ್ ಪಟ್ಟಿಯನ್ನು ನೋಡಿ. ಅಲ್ಲಿ ಹಿಮ ಬೆಳಕನ್ನು ಹೀರಿ ಕಪ್ಪಾಗಿ ಕಾಣುತ್ತದೆ, ನೀರಹನಿಗಳ ಮೋಡ ಬೆಳ್ಳಗೇ ಉಳಿಯುತ್ತದೆ. ಇದೇ ಕೆಲಸಕ್ಕೆ 1640 ನ್ಯಾನೋಮೀಟರ್ ಪಟ್ಟಿ ಬಳಸಿ ಚಿತ್ರದ ತುಂಬ ಪಟ್ಟೆ ಪಟ್ಟೆ ಬಂದರೆ ಗಾಬರಿಯಾಗಬೇಡಿ: ಅಕ್ವಾದ ಮೋಡಿಸ್‌ನಲ್ಲಿ ಆ ಪಟ್ಟಿಯ ಬಹುಪಾಲು ಡಿಟೆಕ್ಟರ್‌ಗಳು ಕೆಲಸ ಮಾಡುವುದಿಲ್ಲ.

ಖಾಲಿ ಜಾಗ ತುಂಬಲೆಂದು ಫ್ಲ್ಯಾಗ್‌ಗಳನ್ನು ಒಂದೊಂದಾಗಿ ಸಡಿಲಿಸುವ ಚಾಳಿಗೆ ನನ್ನ ಸಂಪೂರ್ಣ ವಿರೋಧವಿದೆ. ನಕ್ಷೆ ತುಂಬಿಕೊಂಡಂತೆ ಕಂಡು ನೋಡುವವರಿಗೆ ಸಮಾಧಾನವಾಗುತ್ತದೆ, ಆದರೆ ಹಡಗಿಗೆ ಹೋಗುವುದು ಮೋಡದಂಚಿನ ಬೆಳಕಿನಿಂದ ಹುಟ್ಟಿದ ಹುಸಿ ಕ್ಲೋರೋಫಿಲ್. ಹೆಚ್ಚು ಜಾಗ ಬೇಕಿದ್ದರೆ ಬೇರೆ ಉಪಗ್ರಹಗಳ ಚಿತ್ರ ಸೇರಿಸಿ. ಧ್ರುವದ ಬಳಿ ಉಪಗ್ರಹದ ಪಥಗಳು ಒಂದಕ್ಕೊಂದು ಹತ್ತಿರವಾಗುವುದರಿಂದ ಒಂದೇ ಜಾಗದ ಮೇಲೆ ದಿನಕ್ಕೆ ಹಲವು ಸಲ ಹಾಯುವಿಕೆ ಸಿಗುತ್ತದೆ. 2016 ಮತ್ತು 2018ರಲ್ಲಿ ಹಾರಿದ ಸೆಂಟಿನೆಲ್-3 ಉಪಗ್ರಹ ಜೋಡಿಯ ಓಎಲ್‌ಸಿಐ ಸಂವೇದಕ, 2024ರ ಫೆಬ್ರುವರಿಯಲ್ಲಿ ಹಾರಿದ ಪೇಸ್ ಉಪಗ್ರಹ, ನಮ್ಮದೇ ಇಸ್ರೋ 2022ರ ನವೆಂಬರ್ 26ರಂದು ಹಾರಿಸಿದ ಇಒಎಸ್-06ರ 13 ಪಟ್ಟಿಗಳ ಓಸಿಎಂ-3 ಸಂವೇದಕ ಇವೆಲ್ಲ ಇವೆ. ಒಂದು ಹಾಯುವಿಕೆಗೂ ಇನ್ನೊಂದಕ್ಕೂ ನಡುವೆ ಮೋಡ ಸರಿದಿರುತ್ತದೆ.

ಹಿಮದ ಅಂಚಿನ ಹಸಿರು

ಧ್ರುವದ ಕೆಲಸದಲ್ಲಿ ಅತ್ಯಂತ ಕಷ್ಟದ ರೋಗನಿರ್ಣಯ ಇದು. ಜಮಖಂಡಿ ಕಡೆಯ ವಿದ್ಯಾರ್ಥಿಯೊಬ್ಬ ಪ್ರಿಡ್ಜ್ ಕೊಲ್ಲಿಯ ಚಿತ್ರ ತೆರೆದು, ಹಿಮದಂಚಿನ ಉದ್ದಕ್ಕೂ ಹರಡಿದ ಹಸಿರು ಪಟ್ಟಿಯ ಮೇಲೆ ಬೆರಳಿಟ್ಟು, ‘ಸರ್, ಇದು ಖರೇನ ಬ್ಲೂಮ್ ಐತ್ರಿ, ಏನ್ ಐಸಿನ ಬೆಳಕ ಹಿಂಗ ಕಾಣಸಾಕತ್ತೈತ್ರಿ?’ ಎಂದು ಕೇಳಿದ. ಇಡೀ ವಿಷಯವನ್ನು ಹಿಡಿದಿಟ್ಟ ಪ್ರಶ್ನೆ ಅದು, ಏಕೆಂದರೆ ಎರಡೂ ನಿಜವಾಗಿರಬಲ್ಲವು. ಬೇಸಿಗೆಯಲ್ಲಿ ಸಮುದ್ರ ಹಿಮ ಕರಗಿದಾಗ ಹಗುರವಾದ ಸಿಹಿನೀರು ಮೇಲೆ ತೆಳ್ಳಗೆ ಹರಡಿ, ಕೆಳಗಿನ ಉಪ್ಪುನೀರಿನೊಂದಿಗೆ ಬೆರೆಯುವುದನ್ನು ತಡೆಯುತ್ತದೆ. ಪ್ಲವಕಗಳು ಬೆಳಕಿರುವ ಪದರದಲ್ಲೇ ಉಳಿದು ಹುಲುಸಾಗಿ ಬೆಳೆಯುತ್ತವೆ. ಹಿಮದಂಚಿನ ಬ್ಲೂಮ್ ಎಂಬುದು ಧ್ರುವ ಸಮುದ್ರದ ಆಹಾರ ಸರಪಳಿಗೆ ಆಧಾರ. ಅದೇ ಜಾಗದಲ್ಲಿಯೇ ಉಪಗ್ರಹದ ಕಣ್ಣು ಹೆಚ್ಚು ಮೋಸಹೋಗುತ್ತದೆ.

ಮೋಸ ಎರಡು ಬಗೆಯದು. ಹಿಮದಿಂದ ಮೇಲೆದ್ದ ಬೆಳಕು ಗಾಳಿಯಲ್ಲಿ ಚದುರಿ ಪಕ್ಕದ ಕಪ್ಪು ನೀರಿನ ಪಿಕ್ಸೆಲ್‌ನೊಳಗೆ ಬೀಳುತ್ತದೆ. ಬಿಸಿಲಿಗೆ ನಿಂತ ಸುಣ್ಣದ ಗೋಡೆ ಎದುರಿನ ಕತ್ತಲೆಯ ಪಡಸಾಲೆಯನ್ನು ಬೆಳಗುವ ಹಾಗೆ. ಹಿಮದಂಚಿನಿಂದ 10ರಿಂದ 20 ಕಿಲೋಮೀಟರ್‌ವರೆಗೂ ಇದರ ಪ್ರಭಾವ ಇರಬಲ್ಲದು. ಗಾಳಿಯ ಅಣುಗಳು ನೀಲಿಯನ್ನೇ ಹೆಚ್ಚು ಚದುರಿಸುವುದರಿಂದ ಈ ಬೆಳಕಿನಲ್ಲಿ ನೀಲಿ ಹೆಚ್ಚು, ಆದ್ದರಿಂದ ನೀಲಿ-ಹಸಿರು ಅನುಪಾತ ಏರಿ, ಕ್ಲೋರೋಫಿಲ್ ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಎರಡನೆಯದು, ಒಂದು ಕಿಲೋಮೀಟರ್ ಪಿಕ್ಸೆಲ್‌ನೊಳಗೇ ತೇಲುವ ಹಿಮದ ತುಣುಕುಗಳು. ಮಾಸ್ಕ್ ಹಿಡಿಯುವಷ್ಟು ಅವು ಹೊಳೆಯುವುದಿಲ್ಲ, ಆದರೆ ಸಮೀಪ ಅವಗೆಂಪಿನ ಬೆಲೆಯನ್ನು ಏರಿಸಿ ವಾತಾವರಣ ತಿದ್ದುಪಡಿಯ ಲೆಕ್ಕ ಕೆಡಿಸುತ್ತವೆ. ಒಣ ಹಿಮವೋ ಕರಗುತ್ತಿರುವ ಒದ್ದೆ ಹಿಮವೋ ಎಂಬುದರ ಮೇಲೆ ಫಲಿತಾಂಶ ಮೇಲಕ್ಕೂ ತಪ್ಪಬಹುದು, ಕೆಳಕ್ಕೂ ತಪ್ಪಬಹುದು.

ನಿರ್ಣಯಕ್ಕೆ ಹಿಮದಂಚಿಗೆ ಲಂಬವಾಗಿ, ಹಿಮದಿಂದ ತೆರೆದ ನೀರಿನ ಕಡೆಗೆ, ಕನಿಷ್ಠ 40 ಕಿಲೋಮೀಟರ್ ಉದ್ದದ ಒಂದು ಗೆರೆ ಎಳೆಯಿರಿ. ಗೆರೆಯ ಮೇಲಿನ ಪ್ರತಿ ಪಿಕ್ಸೆಲ್‌ಗೆ 412, 443, 488 ಮತ್ತು 547 ನ್ಯಾನೋಮೀಟರ್‌ಗಳ ಪ್ರತಿಫಲನ, ಕ್ಲೋರೋಫಿಲ್, ಮತ್ತು 678 ನ್ಯಾನೋಮೀಟರ್‌ನ ಪ್ರತಿದೀಪ್ತಿಯ (ಬೆಳಕು ಹೀರಿದ ಕ್ಲೋರೋಫಿಲ್ ತಾನೇ ಹೊಮ್ಮಿಸುವ ಕೆಂಪು ಬೆಳಕಿನ) ಎತ್ತರವನ್ನು ಓದಿ, ಅಂಚಿನಿಂದ ಇರುವ ದೂರಕ್ಕೆ ಎದುರಾಗಿ ಗ್ರಾಫ್ ಬರೆಯಿರಿ. ನಿಜವಾದ ಬ್ಲೂಮ್ ಇದ್ದರೆ 443ರ ಬೆಲೆ 547ಕ್ಕೆ ಹೋಲಿಸಿ ಇಳಿಯುತ್ತದೆ, ಪ್ರತಿದೀಪ್ತಿ ಅದರ ಜೊತೆಜೊತೆಗೇ ಏರುತ್ತದೆ. ಪ್ರತಿದೀಪ್ತಿಯನ್ನು ಲೆಕ್ಕ ಹಾಕುವುದು 667 ಮತ್ತು 748ರ ನಡುವೆ ಎಳೆದ ತಳಗೆರೆಯ ಮೇಲೆ 678 ಎಷ್ಟು ಎದ್ದಿದೆ ಎಂಬುದರಿಂದ. ಹಿಮದ ಬಿಳಿ ಬೆಳಕು ಮೂರಕ್ಕೂ ಹೆಚ್ಚುಕಡಿಮೆ ಸಮನಾಗಿ ಸೇರುವುದರಿಂದ ಬಹುಪಾಲು ಕಳೆದುಹೋಗುತ್ತದೆ. ಈ ಕಾರಣಕ್ಕೆ ನಾನು ಹಿಮದ ಬಳಿ ಕ್ಲೋರೋಫಿಲ್ ಬಣ್ಣಕ್ಕಿಂತ ಪ್ರತಿದೀಪ್ತಿಯನ್ನು ಹೆಚ್ಚು ನಂಬುತ್ತೇನೆ. ದಕ್ಷಿಣ ಸಾಗರದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಕಡೆ ಪ್ಲವಕಗಳು ತಮ್ಮ ಕ್ಲೋರೋಫಿಲ್‌ಗೆ ಹೋಲಿಸಿದರೆ ಹೆಚ್ಚು ಪ್ರತಿದೀಪ್ತಿ ಹೊಮ್ಮಿಸುತ್ತವೆ. ಹಾಗಾಗಿ ಅದರಿಂದ ಪ್ರಮಾಣ ಅಳೆಯದೆ, ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ಕೇಳಬೇಕು.

ಇದಕ್ಕೆ ವಿರುದ್ಧವಾಗಿ ಎಲ್ಲ ಪಟ್ಟಿಗಳೂ ದೂರ ಹೆಚ್ಚಿದಂತೆ ನಯವಾಗಿ, ಒಂದೇ ದಿಕ್ಕಿನಲ್ಲಿ ಬದಲಾಗುತ್ತಿದ್ದರೆ, ಪ್ರತಿದೀಪ್ತಿ ಮಾತ್ರ ಅಲುಗಾಡದೆ ಇದ್ದರೆ, ಅದು ಹಿಮದ ಬೆಳಕು. ಆಕಾರವೂ ಸಾಕ್ಷಿ ಹೇಳುತ್ತದೆ: ಬ್ಲೂಮ್‌ಗೆ ಸುಳಿ, ನಾಲಗೆ, ಎಳೆ ಎಂದು ತನ್ನದೇ ಆಕಾರಗಳಿರುತ್ತವೆ, ಹುಸಿ ಪಟ್ಟಿ ಹಿಮದಂಚಿಗೆ ಸಮಾಂತರವಾಗಿ ಎಲ್ಲೆಡೆ ಒಂದೇ ಅಗಲದಲ್ಲಿ ಸಾಗುತ್ತದೆ. ಇನ್ನೂ ಅನುಮಾನವಿದ್ದರೆ ಕೆಲವು ಗಂಟೆಗಳ ನಂತರದ ಹಾಯುವಿಕೆಗೆ ಕಾಯಿರಿ. ಗಾಳಿಗೆ ಹಿಮ ಸರಿದಾಗ ಹಸಿರು ಪಟ್ಟಿಯೂ ಅಷ್ಟೇ ಅಂತರ ಕಾಯ್ದುಕೊಂಡು ಸರಿದಿದ್ದರೆ, ಅದು ನೀರಿನದ್ದಲ್ಲ.

ಹಿಮದ ಅಂಚು ಎಲ್ಲಿದೆ ಎಂಬುದೇ ಸರಳ ಪ್ರಶ್ನೆಯಲ್ಲ. ಮೋಡದ ಮೂಲಕವೂ ಕಾಣುವ ಮೈಕ್ರೋವೇವ್ ಸಂವೇದಕಗಳ ನಕ್ಷೆಗಳಲ್ಲಿ ಹಿಮದ ಪ್ರಮಾಣ ಶೇ. 15 ಇರುವ ಗೆರೆಯನ್ನು ಅಂಚು ಎನ್ನುತ್ತಾರೆ. ಅಂದರೆ ಗೆರೆಯ ಹೊರಗೆ ‘ತೆರೆದ ನೀರು’ ಎಂದು ಬರೆದ ಜಾಗದಲ್ಲೂ ಹತ್ತರಲ್ಲಿ ಒಂದು ಭಾಗ ಹಿಮ ಇರಬಹುದು, ಮತ್ತು ಅಷ್ಟು ಹಿಮ ಸಾಗರ ವರ್ಣದ ಲೆಕ್ಕ ಕೆಡಿಸಲು ಧಾರಾಳವಾಗಿ ಸಾಕು. 25 ಕಿಲೋಮೀಟರ್ ಚೌಕದ ಹಿಮ ನಕ್ಷೆಯನ್ನು ಒಂದು ಕಿಲೋಮೀಟರ್ ಚಿತ್ರದ ಮೇಲೆ ಹೊದಿಸಿ ನಿಶ್ಚಿಂತರಾಗುವವರನ್ನು ನೋಡಿದ್ದೇನೆ. ಲಭ್ಯವಿರುವುದರಲ್ಲಿ ಸೂಕ್ಷ್ಮವಾದ ಹಿಮ ನಕ್ಷೆ ಬಳಸಿ, ಮತ್ತು ಅದರ ಅಂಚಿನಿಂದ 20 ಕಿಲೋಮೀಟರ್ ಒಳಗಿನ ಪಿಕ್ಸೆಲ್‌ಗಳನ್ನು ಅಳಿಸಿಹಾಕದೆ, ಬೇರೆ ಗೆರೆವಿನ್ಯಾಸದಲ್ಲಿ ಗುರುತಿಸಿ. ಅಳಿಸಿದರೆ ಅಧ್ಯಯನದ ವಸ್ತುವೇ ಅಳಿದುಹೋಗುತ್ತದೆ.

ಕೆಸರು ನೀರು ಮತ್ತು ಋಣ ಸಂಖ್ಯೆ

ಉಪಗ್ರಹಕ್ಕೆ ತಲುಪುವ ನೀಲಿ ಬೆಳಕಿನಲ್ಲಿ ಸುಮಾರು ಶೇ. 90 ಗಾಳಿಯಿಂದ ಬಂದದ್ದು. ನೀರಿನ ಪಾಲು ಉಳಿದ ಹತ್ತು. ಗಾಳಿಯ ಪಾಲನ್ನು ಕಳೆಯಲು, ತೆರೆದ ಸಮುದ್ರದ ನೀರು ಸಮೀಪ ಅವಗೆಂಪಿನಲ್ಲಿ ಪೂರ್ತಿ ಕಪ್ಪು ಎಂದು ಎಣಿಸಿ, ಅಲ್ಲಿ ಕಂಡ ಬೆಳಕನ್ನೆಲ್ಲ ಧೂಳು-ಹಬೆಯ ಲೆಕ್ಕಕ್ಕೆ ಹಾಕಿ, ಅದನ್ನು ನೀಲಿಯವರೆಗೆ ವಿಸ್ತರಿಸಿ ಕಳೆಯುತ್ತಾರೆ. ನೀರಿನಲ್ಲಿ ಮಣ್ಣು ಇದ್ದರೆ ಈ ಎಣಿಕೆ ಮುರಿಯುತ್ತದೆ: ಮಣ್ಣಿನ ಹೊಳಪು ಗಾಳಿಯ ಖಾತೆಗೆ ಸೇರಿ, ನೀಲಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕಳೆದು, 412 ನ್ಯಾನೋಮೀಟರ್‌ನಲ್ಲಿ ಋಣ ಸಂಖ್ಯೆ ಬರುತ್ತದೆ. ಹಿಮಾದ್ರಿಯ ಮುಂದಿರುವ ಕಾಂಗ್ಸ್‌ಫ್ಯೋರ್ಡನ್ ಎಂಬ ಫ್ಯೋರ್ಡ್‌ನಲ್ಲಿ (ಹಿಮನದಿ ಕೊರೆದ ಕಿರಿದಾದ ಕಡಲ ಚಾಚಿನಲ್ಲಿ) ಬೇಸಿಗೆಯಲ್ಲಿ ಹಿಮನದಿಗಳು ಕಲ್ಲು ಅರೆದ ನುಣ್ಣನೆಯ ಕೆಂಗಂದು ಮಣ್ಣನ್ನು ನೀರಿಗೆ ಸುರಿಯುತ್ತವೆ. 2014ರಿಂದ ಭಾರತದ ಇಂಡಾರ್ಕ್ ಉಪಕರಣ ಸರಣಿ ಇರುವ ಫ್ಯೋರ್ಡ್ ಅದೇ. ಅಲ್ಲಿ ನಕ್ಷೆ ತೋರಿಸುವ ದಟ್ಟ ಕ್ಲೋರೋಫಿಲ್ ಅನೇಕ ಸಲ ಮಣ್ಣಿನದ್ದು.

ಈ ದೋಷದ ಗುರುತು ಹಿಡಿಯುವುದನ್ನು ಕಲಿಯಲು ಆರ್ಕ್ಟಿಕ್‌ವರೆಗೆ ಹೋಗಬೇಕಾಗಿಲ್ಲ. ಮಳೆಗಾಲ ಹಿಂದೆ ಸರಿದು ಆಕಾಶ ತಿಳಿಯಾದ ಮೊದಲ ದಿನಗಳಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ, ಕೊಲ್ಹಾರದ ಬಳಿ ಅಗಲವಾಗಿ ಹರಡಿರುತ್ತದೆ, ಮತ್ತು ಕೃಷ್ಣೆ ತಂದ ಮಣ್ಣು ಇನ್ನೂ ಪೂರ್ತಿ ತಳ ಕಂಡಿರುವುದಿಲ್ಲ. ಆ ದಿನದ ಓಎಲ್‌ಸಿಐ ಚಿತ್ರ 300 ಮೀಟರ್ ಸೂಕ್ಷ್ಮತೆಯದ್ದು, ಹಿನ್ನೀರು ಸ್ಪಷ್ಟವಾಗಿ ಕಾಣುತ್ತದೆ. ಭೂಮಿಯ ಮಾಸ್ಕ್ ತೆಗೆದು, ತೆರೆದ ಸಮುದ್ರದ ಸಾಮಾನ್ಯ ತಿದ್ದುಪಡಿಯನ್ನೇ ಅದಕ್ಕೆ ಹಚ್ಚಿ, ನೀರಿನ ನಡುವಿನ ಪಿಕ್ಸೆಲ್‌ನ ರೋಹಿತ (ಪಟ್ಟಿವಾರು ಬೆಲೆಗಳ ಗ್ರಾಫ್) ಬಿಡಿಸಿ ನೋಡಿ: ನೀಲಿಯ ತುದಿ ಸೊನ್ನೆಯ ಕಡೆಗೆ ಅಥವಾ ಅದರ ಕೆಳಗೆ ಬಾಗಿ, ಹಸಿರು-ಕೆಂಪು ಎದ್ದಿರುವ ಆಕಾರ ಕಾಣುತ್ತದೆ. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519 ಮೀಟರ್‌ಗೂ ಮೇಲಿರುವುದರಿಂದ ಅಲ್ಲಿ ಬರುವ ಕ್ಲೋರೋಫಿಲ್ ಅಂಕಿಗೆ ಬೆಲೆ ಕೊಡಬೇಡಿ. ಬಾಗಿದ ಆಕಾರವನ್ನಷ್ಟೇ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಅದೇ ಆಕಾರ ಫ್ಯೋರ್ಡ್‌ನಲ್ಲಿ ಕಂಡಾಗ ತಟ್ಟನೆ ಗುರುತು ಸಿಗುತ್ತದೆ. ಪರಿಹಾರವಾಗಿ, ಮಣ್ಣುನೀರೂ ಕಪ್ಪಾಗಿ ಕಾಣುವ, ಮೋಡಿಸ್‌ನ 1240 ಮತ್ತು 2130 ನ್ಯಾನೋಮೀಟರ್ ಪಟ್ಟಿಗಳಿಂದ ತಿದ್ದುಪಡಿ ಮಾಡಿ ನೋಡಬಹುದು. ಚಿತ್ರದಲ್ಲಿ ಗದ್ದಲ (ಅರ್ಥವಿಲ್ಲದ ಏರಿಳಿತ) ಹೆಚ್ಚುತ್ತದೆ, ಆದರೆ ಋಣ ಸಂಖ್ಯೆಗಳು ತಗ್ಗುತ್ತವೆ.

ಸೂತ್ರವೇ ಬೇರೆ ಸಮುದ್ರದ್ದಾದಾಗ

ಫೈಲು, ಮಾಸ್ಕ್, ಹಿಮ, ತಿದ್ದುಪಡಿ ಎಲ್ಲ ಸರಿಯಿದ್ದೂ ಅಂಕಿ ಹಡಗಿನ ಅಳತೆಗೆ ಸತತವಾಗಿ ಒಂದೇ ಕಡೆ ತಪ್ಪುತ್ತಿದ್ದರೆ ಸೂತ್ರವನ್ನು ನೋಡಿ. ಮೋಡಿಸ್‌ನ ಸೂತ್ರ 443 ಮತ್ತು 488ರಲ್ಲಿ ದೊಡ್ಡದನ್ನು 547ರಿಂದ ಭಾಗಿಸಿದ ಅನುಪಾತದಿಂದ ಕ್ಲೋರೋಫಿಲ್ ಲೆಕ್ಕ ಹಾಕುತ್ತದೆ. ಅದರ ಗುಣಾಂಕಗಳು ಜಗತ್ತಿನ ಸಮುದ್ರಗಳ ಅಳತೆಗಳಿಂದ ಬಂದವು, ಅವುಗಳಲ್ಲಿ ಧ್ರುವದ ಅಳತೆಗಳು ಕಡಿಮೆ. ಮಂದ ಬೆಳಕಿಗೆ ಹೊಂದಿಕೊಂಡ ಧ್ರುವದ ಪ್ಲವಕಗಳು ಕೋಶದೊಳಗೆ ಕ್ಲೋರೋಫಿಲ್ ಅನ್ನು ದಟ್ಟವಾಗಿ ಒತ್ತರಿಸಿಕೊಂಡಿರುತ್ತವೆ; ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು, ಇರುವ ಕ್ಲೋರೋಫಿಲ್‌ಗೆ ತಕ್ಕಷ್ಟು ನೀಲಿಯನ್ನು ಅವು ಹೀರುವುದಿಲ್ಲ. ಆದ್ದರಿಂದ ದಕ್ಷಿಣ ಸಾಗರದಲ್ಲಿ ಜಾಗತಿಕ ಸೂತ್ರ ಕ್ಲೋರೋಫಿಲ್ ಅನ್ನು ಎರಡು-ಮೂರು ಪಟ್ಟು ಕಡಿಮೆ ತೋರಿಸುತ್ತದೆ ಎಂದು ಹಲವು ಅಧ್ಯಯನಗಳು ಕಂಡಿವೆ. ಆ ಪ್ರದೇಶಕ್ಕೆಂದೇ ರೂಪಿಸಿದ ಗುಣಾಂಕಗಳಿವೆ, ಅವನ್ನು ಬಳಸಿ.

ಆರ್ಕ್ಟಿಕ್‌ನಲ್ಲಿ ದೋಷ ಬಹುಮಟ್ಟಿಗೆ ವಿರುದ್ಧ ದಿಕ್ಕಿನದು. ಜಗತ್ತಿನ ಸಾಗರ ನೀರಿನ ಸುಮಾರು ಶೇ. 1ರಷ್ಟೇ ಇರುವ ಆ ಸಾಗರಕ್ಕೆ ಜಗತ್ತಿನ ನದಿ ನೀರಿನ ಸುಮಾರು ಶೇ. 11 ಬಂದು ಸೇರುತ್ತದೆ. ಲೆನಾ, ಓಬ್, ಯೆನಿಸೇ, ಮೆಕೆಂಝಿ ನದಿಗಳು ಕಾಡಿನ ಕೊಳೆತ ಎಲೆ-ಬೇರುಗಳ ರಸವನ್ನು ಚಹಾ ಬಣ್ಣದ ಕರಗಿದ ವಸ್ತುವಾಗಿ ತರುತ್ತವೆ. ಅದು ನೀಲಿಯನ್ನು ಹೀರಿದಾಗ ಸೂತ್ರ ಅದನ್ನೂ ಕ್ಲೋರೋಫಿಲ್ ಎಂದೇ ಎಣಿಸುತ್ತದೆ. ಪತ್ತೆ ಹಚ್ಚುವುದು ಸುಲಭ: 412ರ ಬೆಲೆ 443ಕ್ಕಿಂತ ಚೆನ್ನಾಗಿ ತಗ್ಗಿದ್ದು, ಪ್ರತಿದೀಪ್ತಿ ಏರದೆ, ಹಡಗಿನ ಲವಣಾಂಶದ ಅಳತೆಯೂ ಕಡಿಮೆಯಿದ್ದರೆ ನದಿಯ ಬಣ್ಣ. ಬ್ಯಾರೆಂಟ್ಸ್ ಸಮುದ್ರದಲ್ಲಿ ಬೇಸಿಗೆಯ ಕೊನೆಗೆ ಇನ್ನೊಂದು ಬಗೆ ಕಾಣುತ್ತದೆ. ಎಮಿಲಿಯಾನಿಯಾ ಹಕ್ಸ್‌ಲೇಯಿ ಎಂಬ ಸುಣ್ಣದ ಬಿಲ್ಲೆ ಹೊದ್ದ ಪ್ಲವಕ ನೀರನ್ನು ಹಾಲು ಬೆರೆತ ತಿಳಿನೀಲಿಯಾಗಿಸುತ್ತದೆ. ಪ್ಲವಕ ಇದೆ ಎಂಬುದು ನಿಜ, ಕ್ಲೋರೋಫಿಲ್ ಅಂಕಿ ಮಾತ್ರ ನಂಬುವಂಥದ್ದಲ್ಲ.

ಹಡಗಿನ ಅಳತೆಯನ್ನೂ ಪರೀಕ್ಷಿಸಿ

ನಕ್ಷೆ ಮತ್ತು ಹಡಗು ಬೇರೆ ಬೇರೆ ಹೇಳಿದಾಗ ತಪ್ಪು ನಕ್ಷೆಯದ್ದೇ ಆಗಿರಬೇಕೆಂದಿಲ್ಲ. ಸಾಗುತ್ತಿರುವ ಹಡಗು ಕೊಳವೆಯಿಂದ ನೀರೆಳೆದು ಪ್ರತಿದೀಪ್ತಿಮಾಪಕದಿಂದ ಕ್ಲೋರೋಫಿಲ್ ಅಂದಾಜು ಮಾಡುತ್ತದೆ. ಪ್ರಖರ ಬೆಳಕಿನಲ್ಲಿ ಪ್ಲವಕಗಳು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಹಾಕಿ ಪ್ರತಿದೀಪ್ತಿಯನ್ನು ತಗ್ಗಿಸಿಕೊಳ್ಳುವುದರಿಂದ, ಉಪಗ್ರಹ ಹಾಯುವ ಹಗಲಿನ ಹೊತ್ತಿಗೇ ಆ ಮಾಪಕ ಕಡಿಮೆ ತೋರಿಸುತ್ತದೆ. ಅದನ್ನು ಸೂರ್ಯ ತಗ್ಗಿದ ವೇಳೆಯ ಓದಿಗೆ ಹೋಲಿಸಿ ನೋಡಬೇಕು. ಅಂತಿಮ ತೀರ್ಪು ಶೋಧಕ ಕಾಗದದ ಮೇಲಿನ ಮಾದರಿಯನ್ನು, ವರ್ಣಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ವಿಶ್ಲೇಷಿಸಿದ ಅಂಕಿಯದ್ದು. ಹೋಲಿಕೆಗೆ ರೂಢಿಯಲ್ಲಿರುವ ನಿಯಮ: ಮಾದರಿ ಮತ್ತು ಚಿತ್ರದ ನಡುವೆ ಮೂರು ಗಂಟೆಗಿಂತ ಹೆಚ್ಚು ಅಂತರ ಇರಬಾರದು, ಜಾಗದ ಸುತ್ತ 5×5 ಪಿಕ್ಸೆಲ್ ತೆಗೆದುಕೊಂಡು ಅರ್ಧಕ್ಕಿಂತ ಹೆಚ್ಚು ಯೋಗ್ಯವಾಗಿರಬೇಕು, ಅವುಗಳ ನಡುವಿನ ಏರಿಳಿತ ಸಣ್ಣದಾಗಿರಬೇಕು. ಹಿಮದ ಬಳಿ ಈ ನಿಯಮಕ್ಕೆ ಸಿಗುವ ಜೋಡಿಗಳು ವಿರಳ. ವಿರಳವೆಂದು ನಿಯಮ ಬಿಡಬಾರದು.

ಆಳದ ವಿಷಯವೂ ಇದೆ. ಉಪಗ್ರಹ ಕಾಣುವುದು ಮೇಲಿನ ಪದರವನ್ನಷ್ಟೇ, ಹುಲುಸಾದ ನೀರಿನಲ್ಲಿ ಕೆಲವೇ ಮೀಟರ್. ಆರ್ಕ್ಟಿಕ್‌ನ ಬೇಸಿಗೆಯಲ್ಲಿ ಮೇಲ್ಪದರದ ನೈಟ್ರೇಟ್ ತೀರಿದ ಮೇಲೆ ಪ್ಲವಕಗಳ ದಟ್ಟ ಪದರ ಹತ್ತಾರು ಮೀಟರ್ ಕೆಳಗೆ ನೆಲೆಸುತ್ತದೆ. ಮೇಲೆ ಶುಭ್ರ ನೀಲಿ, ಹಡಗಿನ ಬಾಟಲಿಯಲ್ಲಿ ಹಸಿರು, ಎರಡೂ ಸರಿ. 2011ರ ಜುಲೈನಲ್ಲಿ ಚುಕ್ಚಿ ಸಮುದ್ರದಲ್ಲಿ ಸುಮಾರು ಒಂದು ಮೀಟರ್ ದಪ್ಪದ ಹಿಮದ ಕೆಳಗೆ ನೂರು ಕಿಲೋಮೀಟರ್‌ಗೂ ಹೆಚ್ಚು ಒಳಗೆ ಹರಡಿದ ಬ್ಲೂಮ್ ಕಂಡವರು ಹಡಗಿನವರು; ಯಾವ ಸಾಗರ ವರ್ಣ ನಕ್ಷೆಯೂ ಅದನ್ನು ತೋರಿಸಲು ಸಾಧ್ಯವಿರಲಿಲ್ಲ. ನೀಲಿ ಕಂಡ ಜಾಗವನ್ನು ನಿಲುಗಡೆಯ ಪಟ್ಟಿಯಿಂದ ಪೂರ್ತಿ ತೆಗೆದುಹಾಕುವುದು ಇದೇ ಕಾರಣಕ್ಕೆ ಸರಿಯಲ್ಲ.

ನಿರ್ಣಯ ಮುಗಿಯುವ ಮೊದಲೇ ಹಡಗಿಗೆ ನಕ್ಷೆ ಕಳಿಸಬೇಕಾಗಿ ಬಂದಾಗ, ಕ್ಲೋರೋಫಿಲ್ ಚಿತ್ರವನ್ನು ಒಂಟಿಯಾಗಿ ಕಳಿಸಬೇಡಿ. ಚಿತ್ರ ತೆಗೆದ ಸಮಯ ಜಾಗತಿಕ ಸಮಯದಲ್ಲಿ, ಹಿಮದ ಗೆರೆ ಮತ್ತು ಅದರ ತಾರೀಖು, ಅಂಚಿನ 20 ಕಿಲೋಮೀಟರ್‌ನ ಬೇರೆ ಗೆರೆವಿನ್ಯಾಸ, ಖಾಲಿ ಜಾಗದ ಕಾರಣ, ಇಷ್ಟೂ ಅದೇ ಚಿತ್ರದ ಮೇಲೆ ಇರಲಿ; ಹಡಗಿನ ಸಂಪರ್ಕ ನಿಧಾನವಾದ್ದರಿಂದ ಫೈಲು ಚಿಕ್ಕದಿರಲಿ. ಶೋಧಕ ಕಾಗದಗಳು ದ್ರವ ಸಾರಜನಕದಲ್ಲಿ ಕುಳಿತು ದಡ ತಲುಪಿ ವಿಶ್ಲೇಷಣೆಯಾಗಲು ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಮೊದಲ ಹಂತದ (ಇನ್ನೂ ವಾತಾವರಣ ತಿದ್ದುಪಡಿ ಮಾಡದ) ಮೂಲ ಫೈಲುಗಳನ್ನೂ, ಬಳಸಿದ ಆವೃತ್ತಿ, ಮಾಸ್ಕ್, ಗುಣಾಂಕಗಳ ವಿವರವನ್ನೂ ಅಳಿಸದೆ ಇಟ್ಟುಕೊಳ್ಳಿ. ಎಚ್‌ಪಿಎಲ್‌ಸಿ ಅಂಕಿ ಕೈಗೆ ಬಂದ ದಿನ ಅದೇ ಚಿತ್ರವನ್ನು ಮತ್ತೆ ಸಂಸ್ಕರಿಸಬೇಕಾಗುತ್ತದೆ.